ಗೋಡೆಯ ಮೇಲೆ ಎರಡು ಪಂಚಾಂಗ

ಎರ್ನಾಕುಳಂ ಮತ್ತು ತಿರುವನಂತಪುರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಅಡಿಗೆಮನೆಗೆ ಕಾಲಿಟ್ಟರೆ ಗೋಡೆಯ ಮೇಲೆ ಎರಡು ಕ್ಯಾಲೆಂಡರುಗಳು ತೂಗುತ್ತಿರುವುದನ್ನು ಕಾಣಬಹುದು. ಒಂದು ಊರಿನಿಂದ ಬಂದದ್ದು. ಮೈಸೂರು ಕಡೆಯವರಾದರೆ ಒಂಟಿಕೊಪ್ಪಲ್ ಪಂಚಾಂಗ ಅಥವಾ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್, ಕರಾವಳಿಯವರಾದರೆ ಉಡುಪಿಯ ಪಂಚಾಂಗ. ಮತ್ತೊಂದು ಮಲಯಾಳದ್ದು, ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಮಕ್ಕಳ ಪರೀಕ್ಷೆ ಎಲ್ಲವೂ ಅದರ ಚೌಕಗಳಲ್ಲಿಯೇ ಬರೆಯಲ್ಪಟ್ಟಿರುತ್ತವೆ. ಬ್ಯಾಂಕು, ಹೋಟೆಲು, ನೌಕಾನೆಲೆ, ತುಂಬಾದ ರಾಕೆಟ್ ಕೇಂದ್ರ ಎಂದು ಒಂದೊಂದು ಕಾರಣಕ್ಕೆ ಈ ನಾಡಿಗೆ ಬಂದು ಇಲ್ಲಿಯವರೇ ಆಗಿಹೋದ ನಮಗೆ, ಈ ಎರಡು ಕ್ಯಾಲೆಂಡರುಗಳ ನಡುವೆ ಬದುಕುವುದು ಅಭ್ಯಾಸವಾಗಿದೆ.

ನಂಬಿಕೆಯೆಂಬುದು ಹುಟ್ಟಿನಿಂದ ಬರುವುದೋ ಆರಿಸಿಕೊಳ್ಳುವುದೋ ಎಂಬ ಚರ್ಚೆ ಬಹು ಹಳೆಯದು. ಆ ಚರ್ಚೆಯ ತಾತ್ವಿಕ ಭಾಗವನ್ನು ನಾವು ಬಲ್ಲವರಿಗೆ ಬಿಡುತ್ತೇವೆ. ಆದರೆ ನಿತ್ಯದ ನಿರ್ಧಾರಗಳನ್ನು ನಡೆಸುವ ನಂಬಿಕೆಗಳನ್ನು ಜನರು ಹೇಗೆ ಆರಿಸಿಕೊಳ್ಳುತ್ತಾರೆ ಎಂಬುದನ್ನು ನೋಡಲು ಎರಡು ಪಂಚಾಂಗಗಳಿರುವ ಮನೆಗಿಂತ ಒಳ್ಳೆಯ ಸ್ಥಳ ದೊರೆಯಲಾರದು. ಒಂದೇ ಪಂಚಾಂಗವಿರುವಲ್ಲಿ ಆಯ್ಕೆಯೇ ಕಣ್ಣಿಗೆ ಬೀಳುವುದಿಲ್ಲ. ಎರಡಿರುವಲ್ಲಿ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಪ್ರತಿ ತಿಂಗಳೂ ಒಂದನ್ನು ಹಿಡಿದು ಇನ್ನೊಂದನ್ನು ಬಿಡಲೇಬೇಕಾಗುತ್ತದೆ.

ಮೊದಲು ಈ ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿಯುವುದು ಅಗತ್ಯ. ಕರ್ನಾಟಕದ ಬಹುಭಾಗದಲ್ಲಿ ಚಾಂದ್ರಮಾನ ನಡೆಯುತ್ತದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು. ಕೇರಳದ ಕೊಲ್ಲವರ್ಷ ಸೌರಮಾನದ್ದು, ಕ್ರಿ.ಶ. 825ರಿಂದ ಎಣಿಕೆ ಹಿಡಿದ ಇದರಲ್ಲಿ ಸೂರ್ಯನು ಒಂದು ರಾಶಿಯಿಂದ ಇನ್ನೊಂದಕ್ಕೆ ಸರಿದಾಗ ತಿಂಗಳು ಬದಲಾಗುತ್ತದೆ. 2025ರಲ್ಲಿ ಚಾಂದ್ರಮಾನ ಯುಗಾದಿ ಮಾರ್ಚ್ 30ರಂದು ಬಂದರೆ ವಿಷು ಬಂದದ್ದು ಏಪ್ರಿಲ್ 14ರಂದು. ಕೃಷ್ಣಾಷ್ಟಮಿಯ ವಿಷಯದಲ್ಲಿ ಅಂತರ ಇನ್ನೂ ಹೆಚ್ಚು. ಅದೇ ವರ್ಷ ಬೆಂಗಳೂರಿನ ಬಹುತೇಕ ಮನೆಗಳಲ್ಲಿ ಆಗಸ್ಟ್ ನಡುಭಾಗದಲ್ಲಿಯೇ ಚಕ್ಕುಲಿ ಕೋಡುಬಳೆ ಮುಗಿದುಹೋದವು. ಕೇರಳದಲ್ಲಿ ಅಷ್ಟಮಿರೋಹಿಣಿ ಸೆಪ್ಟೆಂಬರ್ 14ರಂದು. ಕಾರಣ ಸರಳ. ಇಲ್ಲಿ ಅಷ್ಟಮಿಯು ಸಿಂಹಮಾಸದಲ್ಲಿಯೇ ಬರಬೇಕು. ಆ ವರ್ಷದ ಚಿಂಗಂ ಅಂದರೆ ಸಿಂಹಮಾಸ ಹುಟ್ಟಿದ್ದು ಆಗಸ್ಟ್ 17ರಂದು, ಅಷ್ಟಮಿ ಅದಕ್ಕೆ ಮೊದಲೇ ಕಳೆದುಹೋಗಿತ್ತು. ಹೀಗಾಗಿ ಮುಂದಿನ ಕೃಷ್ಣಪಕ್ಷಕ್ಕೆ ಕಾಯಬೇಕಾಯಿತು. ಉಡುಪಿಯ ಶ್ರೀಕೃಷ್ಣ ಮಠವೂ ಸೌರಮಾನವನ್ನೇ ಅನುಸರಿಸುವುದರಿಂದ ಅಲ್ಲಿಯೂ ಹಬ್ಬ ಸೆಪ್ಟೆಂಬರಿನಲ್ಲಿಯೇ ನಡೆಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಕೇರಳದಲ್ಲಿ ನೆಲೆಸಿದ ಕನ್ನಡಿಗರೆಲ್ಲರಿಗೂ ವಿಷು ಪರಕೀಯವಲ್ಲ. ಮಂಗಳೂರು, ಉಡುಪಿ, ಕಾಸರಗೋಡು ಕಡೆಯವರು ಊರಿನಲ್ಲಿಯೂ ಆ ದಿನವೇ ಬಿಸು ಆಚರಿಸುತ್ತಾರೆ, ಬೆಳಗಿನ ಜಾವ ಕಣಿ ನೋಡುತ್ತಾರೆ. ಅವರಿಗೆ ಎರ್ನಾಕುಳಂ ಮಾರುಕಟ್ಟೆಯಲ್ಲಿ ಕೊನ್ನೆ ಹೂವು ಕಂಡರೆ ತವರಿನ ನೆನಪು. ಹಾಸನ, ತುಮಕೂರು, ಧಾರವಾಡ ಕಡೆಯವರಿಗೆ ಆ ಹೂವು ಪಕ್ಕದ ಮನೆಯವರ ಹಬ್ಬದ್ದು. ಕನ್ನಡಿಗರು ಒಂದೆಡೆ ಸೇರಿದಾಗ ‘ನಮ್ಮ ಯುಗಾದಿ’ ಯಾವುದೆಂಬ ಪ್ರಶ್ನೆ ಎದ್ದು, ಎರಡು ದಿನವೂ ಹೋಳಿಗೆ ಮಾಡುವುದೆಂಬ ತೀರ್ಮಾನಕ್ಕೆ ಬಂದ ಪ್ರಸಂಗ ನಮಗೆ ನೆನಪಿದೆ. ಹೋಳಿಗೆಯ ವಿಷಯದಲ್ಲಿ ಸಿದ್ಧಾಂತಭೇದ ಬಹಳ ಹೊತ್ತು ನಿಲ್ಲುವುದಿಲ್ಲ.

ಹಾಗಾದರೆ ಇವುಗಳಲ್ಲಿ ಯಾವುದು ಸರಿ? ವಿಷು ಎಂಬ ಹೆಸರು ವಿಷುವದಿಂದ ಬಂದದ್ದು. ಹಗಲು ಇರುಳು ಸಮನಾಗಿರುವ ದಿನವೆಂದು ಅರ್ಥ. ಆದರೆ ಇಂದು ಹಗಲಿರುಳು ಸಮನಾಗುವುದು ಮಾರ್ಚ್ 20 ಅಥವಾ 21ರ ಸುಮಾರಿಗೆ. ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ಸುಮಾರು 72 ವರ್ಷಕ್ಕೆ ಒಂದು ಅಂಶದಷ್ಟು ವ್ಯತ್ಯಾಸ ಬೀಳುತ್ತ ಬಂದು ಈಗ ಮೂರು ವಾರ ಮೀರಿದೆ. ಕೇರಳದ ಜ್ಯೋತಿರ್ವಿದರಿಗೆ ಲೆಕ್ಕ ಮತ್ತು ಆಕಾಶ ಬೇರೆಯಾಗುವ ಈ ತೊಡಕು ಹೊಸದಲ್ಲ. ಕ್ರಿ.ಶ. 683ರಲ್ಲಿ ಹರಿದತ್ತನು ಪರಹಿತ ಪದ್ಧತಿಯನ್ನು ನೀಡಿದನು. ಅದರ ಫಲಿತಗಳು ಕಣ್ಣಿಗೆ ಕಾಣುವ ಗ್ರಹಗತಿಗೆ ಹೊಂದುತ್ತಿಲ್ಲವೆಂದು ಕಂಡ ವಟಶ್ಶೇರಿ ಪರಮೇಶ್ವರನು, ವರ್ಷಗಟ್ಟಲೆ ಗ್ರಹಣಗಳನ್ನು ನೋಡಿ ನೋಡಿ, 1431ರಲ್ಲಿ ದೃಗ್ಗಣಿತವನ್ನು ರಚಿಸಿದನು. ಪಂಚಾಂಗವೆಂದರೆ ಪ್ರಶ್ನಿಸಬಾರದ ವಸ್ತುವೆಂದು ತಿಳಿದವರು ಪರಮೇಶ್ವರನನ್ನು ನೆನೆಯಬೇಕು.

ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವೂ ಈ ಕೆಲಸಕ್ಕೆ ಕೈಹಾಕಿತು. ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ರಚಿತವಾದ ಸಮಿತಿಯು ದೇಶದಲ್ಲಿ ಬಳಕೆಯಲ್ಲಿದ್ದ ಹಲವಾರು ಪಂಚಾಂಗಗಳನ್ನು ಪರಿಶೀಲಿಸಿ ಒಂದು ಸಮಾನ ಪಂಚಾಂಗವನ್ನು ಸೂಚಿಸಿತು. 1957ರ ಮಾರ್ಚ್ 22ರಂದು, ಶಕವರ್ಷ 1879ರ ಚೈತ್ರ 1ರಂದು, ಅದು ಜಾರಿಗೆ ಬಂತು. ರಾಜ್ಯಪತ್ರದ ಮೇಲೆ ಇಂದಿಗೂ ಆ ದಿನಾಂಕವಿರುತ್ತದೆ. ಆದರೆ ರಾಷ್ಟ್ರೀಯ ಪಂಚಾಂಗವನ್ನು ನೋಡಿ ಮಗುವಿಗೆ ಅನ್ನಪ್ರಾಶನ ಮಾಡಿಸಿದ ಒಂದೇ ಒಂದು ಮನೆಯನ್ನು ನಾವು ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ಕಂಡಿಲ್ಲ, ಕರ್ನಾಟಕದಲ್ಲಿಯೂ ಕಂಡಿಲ್ಲ. ಲೆಕ್ಕಾಚಾರದಲ್ಲಿ ಅದೇ ಹೆಚ್ಚು ಸರಿಯಾದದ್ದು. ಅದಕ್ಕಿಲ್ಲದಿರುವುದು ಜೊತೆಗಾರರು. ಯಾವ ದಿನ ನೆರೆಮನೆಯಲ್ಲಿ ಪಾಯಸ ಕುದಿಯುವುದೋ, ದೇವಸ್ಥಾನದಲ್ಲಿ ಚೆಂಡೆ ಕೇಳಿಸುವುದೋ, ಊರಿನಿಂದ ಅಮ್ಮ ಫೋನು ಮಾಡುವರೋ ಆ ದಿನವೇ ಹಬ್ಬ. ನಂಬಿಕೆಯ ಆಯ್ಕೆಯಲ್ಲಿ ಸರಿತಪ್ಪಿಗಿಂತ ಮೊದಲು ಬರುವುದು ಯಾರೊಡನೆ ಎಂಬ ಪ್ರಶ್ನೆ.

ಮಕ್ಕಳ ಹುಟ್ಟುಹಬ್ಬವನ್ನೇ ನೋಡಿ. ಶಾಲೆಯಲ್ಲಿ ಚಾಕೊಲೇಟು ಹಂಚುವುದು ಇಂಗ್ಲಿಷ್ ತಾರೀಖಿಗೆ. ಊರಿನ ಅಜ್ಜಿ ಆರತಿ ಎತ್ತಲು ಹೇಳುವುದು ತಿಥಿಗೆ. ಇಲ್ಲಿಯ ನೆರೆಯವರು ‘ಪಿರನ್ನಾಳ್’ ಎಂದು ಕೇಳುವುದು ತಿಂಗಳ ನಕ್ಷತ್ರಕ್ಕೆ. ಮೂರಕ್ಕೂ ಮಗು ಸಂತೋಷದಿಂದ ಒಪ್ಪುತ್ತದೆ. ಯಾರಿಗೂ ನಷ್ಟವಿಲ್ಲದಿರುವಾಗ ನಂಬಿಕೆಗಳು ಒಂದರ ಪಕ್ಕ ಒಂದು ಸುಖವಾಗಿರುತ್ತವೆ.

ತೊಡಕು ಬರುವುದು ಖರ್ಚು ಬಿದ್ದಾಗ. ಬಾಡಿಗೆ ಮನೆ ಬದಲಿಸುವವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಲೆಕ್ಕದಲ್ಲಿ ಆಷಾಢ ಕೂಡದು. ಅದು ಮುಗಿಯುವ ಮುನ್ನವೇ ಇಲ್ಲಿಯವರ ಕರ್ಕಟಕ ಆರಂಭವಾಗುತ್ತದೆ, ಅದೂ ಕೂಡದು. ಮುಂದೆ ಪಿತೃಪಕ್ಷ, ಆಮೇಲೆ ಧನುರ್ಮಾಸ. ಎರಡು ಪಂಚಾಂಗಗಳ ನಿಷೇಧಗಳನ್ನೂ ಕೂಡಿಸಿದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಪೆಟ್ಟಿಗೆ ಎತ್ತುವಂತಿಲ್ಲ, ಎರಡು ಮನೆಯ ಬಾಡಿಗೆ ಕೊಟ್ಟುಕೊಂಡು ಕೂರಬೇಕು. ಹಾಗೆ ಕೂತವರನ್ನು ನಾವು ಕಂಡದ್ದು ಅಪರೂಪ. ಹೆಚ್ಚಿನವರು ‘ನಮಗೆ ನಮ್ಮ ಪಂಚಾಂಗ ಸಾಕು’ ಎಂದೋ ‘ಇಲ್ಲಿದ್ದ ಮೇಲೆ ಇಲ್ಲಿಯದೇ ಸರಿ’ ಎಂದೋ ಅನುಕೂಲವಾದ ಕಡೆಗೆ ವಾಲುತ್ತಾರೆ. ಇನ್ನು ಕೆಲವರು ಒಳ್ಳೆಯ ದಿನವೊಂದರಲ್ಲಿ ಮೊದಲೇ ಹೋಗಿ ಹಾಲು ಉಕ್ಕಿಸಿ ಬೀಗ ಹಾಕಿಬರುತ್ತಾರೆ, ಸಾಮಾನು ಆಮೇಲೆ ಯಾವಾಗಲಾದರೂ ಹೋಗುತ್ತದೆ. ಮಲಯಾಳಿಗಳಲ್ಲಿಯೂ ‘ಪಾಲುಕಾಚ್ಚಲ್’ ಎಂದು ಇದೇ ಕ್ರಮವಿರುವುದರಿಂದ ಮನೆಯ ಯಜಮಾನನೂ ಆಕ್ಷೇಪಿಸುವುದಿಲ್ಲ.

ಕರ್ಕಟಕದ ವಿಷಯ ಬಂದದ್ದರಿಂದ ಒಂದು ಮಾತು ಹೇಳಬೇಕು. ತುಳುನಾಡಿನ ಆಟಿ ಮತ್ತು ಕೇರಳದ ಕರ್ಕಟಕ ಒಂದೇ ತಿಂಗಳು. ಮಳೆ ಬಿಡುವಿಲ್ಲದೆ ಸುರಿಯುವ, ಕಣಜ ಬರಿದಾಗಿರುವ, ದಾರಿ ಹೊಳೆಗಳೆಲ್ಲ ತುಂಬಿರುವ ಆ ಕಾಲದಲ್ಲಿ ಮದುವೆ ಮುಂಜಿ ಬೇಡವೆಂದದ್ದರಲ್ಲಿ ಒಕ್ಕಲುತನದ ವಿವೇಕವಿತ್ತು. ಅದೇ ತಿಂಗಳು ಇಲ್ಲಿ ಔಷಧ ಗಂಜಿಗೂ ಆಯುರ್ವೇದ ಚಿಕಿತ್ಸೆಗೂ ಶ್ರೇಷ್ಠವೆನಿಸಿದೆ. ಆಟಿ ಅಮಾವಾಸ್ಯೆಯಂದು ನಮ್ಮ ಕರಾವಳಿಯವರು ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಅಂದರೆ ತಿಂಗಳೇ ಕೆಟ್ಟದೆಂದು ಹಿರಿಯರು ಹೇಳಿರಲಿಲ್ಲ. ಯಾವ ಕೆಲಸಕ್ಕೆ ಕೆಟ್ಟದು, ಯಾವುದಕ್ಕೆ ಒಳ್ಳೆಯದು ಎಂದಿದ್ದರು. ಕಾರಣ ಮರೆತು ನಿಷೇಧ ಮಾತ್ರ ಉಳಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ಮನೆಯದೇ ಒಂದು ನಿದರ್ಶನವಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪನವರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ವೈದ್ಯರು ಹೇಳಿದರು. ಅವಸರವಿಲ್ಲ, ಆದರೆ ಬಹಳ ತಡಮಾಡಬೇಡಿ ಎಂದಿದ್ದರು. ಆಗ ಆಷಾಢ. ‘ಶ್ರಾವಣ ಬರಲಿ’ ಎಂದವರು ದೊಡ್ಡಪ್ಪನವರಲ್ಲ, ಮನೆಯ ಉಳಿದ ನಾವೆಲ್ಲ. ಶ್ರಾವಣ ಬಂದಾಗ ನೆರೆಯವರೊಬ್ಬರು ಕರ್ಕಟಕ ಮುಗಿಯಲಿ ಎಂದರು. ಇಷ್ಟು ದಿನ ಕಾದವರಿಗೆ ಇನ್ನೆರಡು ವಾರ ದೊಡ್ಡದಾಗಿ ಕಾಣಲಿಲ್ಲ. ಆ ಎರಡು ವಾರದೊಳಗೆ ಒಂದು ರಾತ್ರಿ ಕರುಳು ಸಿಕ್ಕಿಕೊಂಡು ನೋವು ತಡೆಯಲಾರದೆ ಅವರನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ನಡುರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಅಂದು ಯಾವ ತಿಥಿಯೆಂಬುದು ನಮಗೆ ಗೊತ್ತಾದದ್ದು ಮರುದಿನ ಮನೆಗೆ ಬಂದು ಕ್ಯಾಲೆಂಡರ್ ನೋಡಿದಾಗ. ದೊಡ್ಡಪ್ಪನವರು ಚೇತರಿಸಿಕೊಂಡರು. ಆದರೆ ಮುಂದೂಡಿದವರು ನಾವು, ನೋವುಂಡವರು ಅವರು ಎಂಬ ಮಾತು ಅಂದಿನಿಂದ ಮನಸ್ಸಿನಿಂದ ಹೋಗಿಲ್ಲ.

ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದಾಗ ಒಂದು ವಿಷಯವನ್ನು ಗಮನಿಸಿದರು. ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅಲ್ಲಿಯವರು ಮಂತ್ರತಂತ್ರಗಳನ್ನು ಬಳಸುತ್ತಿರಲಿಲ್ಲ. ಅಪಾಯವಿರುವ ತೆರೆದ ಕಡಲಿಗೆ ಇಳಿಯುವಾಗ ಮಾತ್ರ ವಿಸ್ತಾರವಾದ ವಿಧಿಗಳು ನಡೆಯುತ್ತಿದ್ದವು. ಕೈಯಲ್ಲಿಲ್ಲದ ಕಡೆ ನಂಬಿಕೆ ಬೇಕಾಗುತ್ತದೆ ಎಂಬುದು ಅವರ ವಿವರಣೆ. ಇದು ಬಹಳ ಮಟ್ಟಿಗೆ ನಿಜವೆಂದು ನಾವೂ ಒಪ್ಪುತ್ತೇವೆ. ತರಕಾರಿ ತರಲು ಯಾರೂ ಮುಹೂರ್ತ ಕೇಳುವುದಿಲ್ಲ, ಮದುವೆಗೆ ಕೇಳುತ್ತಾರೆ. ಆದರೆ 2018ರ ಆಗಸ್ಟಿನಲ್ಲಿ, ಕರ್ಕಟಕದ ಕೊನೆಯ ದಿನಗಳಲ್ಲಿ, ಪೆರಿಯಾರ್ ಉಕ್ಕಿ ಆಲುವ ಮುಳುಗಿದಾಗ, ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿದಾಗ, ಅನಿಶ್ಚಿತತೆಗೆ ಕೊರತೆಯಿರಲಿಲ್ಲ. ಆದರೂ ರಾಹುಕಾಲ ನೋಡಿ ಮನೆ ಬಿಟ್ಟವರನ್ನು ನಾವು ಕಾಣಲಿಲ್ಲ. ಅನಿಶ್ಚಿತತೆಯೊಂದೇ ಸಾಲದು, ಕಾಯುವುದಕ್ಕೆ ಅವಕಾಶವೂ ಇರಬೇಕು. ಕಾಯುವುದರ ಬೆಲೆ ಕಡಿಮೆಯಿದ್ದಾಗಲೇ ಇಂತಹ ನಿಯಮಗಳು ಬದುಕುತ್ತವೆ.

ಹದಿಮೂರರ ಕಥೆ ಇದನ್ನೇ ಹೇಳುತ್ತದೆ. 2006ರಲ್ಲಿ ಉದ್ಘಾಟನೆಯಾದ ಕೊಚ್ಚಿಯ ಹೈಕೋರ್ಟಿನ ಹೊಸ ಕಟ್ಟಡದಲ್ಲಿ ಕೋರ್ಟ್ ಹಾಲುಗಳಿಗೆ ಸಂಖ್ಯೆ ಕೊಡುವಾಗ 13ನ್ನು ಬಿಡಲಾಯಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅದೇ ವರ್ಷ ಆ ನ್ಯಾಯಾಲಯವು ಇಂತಹ ಮೂಢನಂಬಿಕೆಯನ್ನು ನ್ಯಾಯಸಂಸ್ಥೆಯೊಂದು ಪೋಷಿಸಬಾರದೆಂದು ಆಕ್ಷೇಪಿಸಿತು. ತಿರುವನಂತಪುರದಲ್ಲಿ ಸಚಿವರ ಕಾರುಗಳಲ್ಲಿಯೂ 13ನೆಯ ಸಂಖ್ಯೆಯನ್ನು ಯಾರೂ ಬಯಸುತ್ತಿರಲಿಲ್ಲ, 2006ರಲ್ಲಿ ಎಂ.ಎ. ಬೇಬಿಯವರೂ 2016ರಲ್ಲಿ ಥಾಮಸ್ ಐಸಾಕ್ ಅವರೂ ಅದನ್ನು ಕೇಳಿ ಪಡೆದರು, ಇಬ್ಬರೂ ಅವಧಿ ಪೂರೈಸಿದರು. ರಾಕೆಟ್ಟುಗಳ ವಿಷಯದಲ್ಲಿಯೂ ಹೀಗೆಯೇ: 2009ರಲ್ಲಿ ಪಿಎಸ್‌ಎಲ್‌ವಿ ಸಿ-12 ಹಾರಿದ ನಂತರ ಹಾರಿದ್ದು ಸಿ-14. ನಮಗೆ ಆಶ್ಚರ್ಯವಾಗುವುದು ಬೇರೆ ಕಾರಣಕ್ಕೆ. ನಮ್ಮ ಪಂಚಾಂಗಗಳಲ್ಲಿ ತ್ರಯೋದಶಿ ಶುಭತಿಥಿ, ಪ್ರದೋಷದ ದಿನ. ಹದಿಮೂರರ ಭಯ ಯೂರೋಪಿನಿಂದ ಬಂದದ್ದು. ಒಂದು ಕಾರು, ಒಂದು ಕೋಣೆ, ಒಂದು ಸಂಖ್ಯೆ ಬಿಡುವುದರಿಂದ ಯಾರ ಗಂಟೂ ಹೋಗುವುದಿಲ್ಲವಾದ್ದರಿಂದ, ನಮ್ಮದಲ್ಲದ ಭಯವನ್ನೂ ನಾವು ಸುಲಭವಾಗಿ ಮನೆಗೆ ಸೇರಿಸಿಕೊಂಡೆವು. ಕರ್ನಾಟಕದಲ್ಲಿ ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ಮಾತೂ ಇದೇ ಜಾತಿಯದು. ಸಿದ್ದರಾಮಯ್ಯನವರು 2013ರಿಂದ 2018ರವರೆಗಿನ ಅವಧಿಯಲ್ಲಿ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಐದು ವರ್ಷ ಪೂರೈಸಿದರು. ಅಲ್ಲಿಯವರೆಗೆ ಮುಖ್ಯಮಂತ್ರಿಗಳು ಬಾರದೆ ಹೋದುದರ ನಷ್ಟ ಯಾರದು? ಮುಖ್ಯಮಂತ್ರಿಗಳದಂತೂ ಅಲ್ಲ.

ಬೆಲೆ ದೊಡ್ಡದಾದರೂ ಎಲ್ಲರೂ ಒಪ್ಪಿ ಹಂಚಿಕೊಂಡರೆ ನಂಬಿಕೆ ನೆಮ್ಮದಿಯಿಂದ ನಡೆಯುತ್ತದೆ. ತಿರುವನಂತಪುರದ ಪದ್ಮನಾಭಸ್ವಾಮಿಯ ಆರಾಟ್ಟು ಮೆರವಣಿಗೆ ವರ್ಷಕ್ಕೆ ಎರಡು ಬಾರಿ ಶಂಖುಮುಖದ ಕಡಲತೀರಕ್ಕೆ ಹೋಗುವಾಗ ವಿಮಾನ ನಿಲ್ದಾಣದ ರನ್‌ವೇಯನ್ನು ದಾಟುತ್ತದೆ. ಕೆಲವು ಗಂಟೆ ವಿಮಾನಗಳೆಲ್ಲ ನಿಲ್ಲುತ್ತವೆ. ಪೈಲಟ್‌ಗಳಿಗೆ ಮುಂಚಿತವಾಗಿ ಸೂಚನೆ ಹೋಗಿರುತ್ತದೆ. ಅದೇ ನಗರದ ಅಂಚಿನ ತುಂಬಾದಲ್ಲಿ ರಾಕೆಟ್ ನೆಲೆಗೆ ಜಾಗ ಬೇಕೆಂದು ವಿಕ್ರಮ್ ಸಾರಾಭಾಯಿ ಕೇಳಿದಾಗ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಮತ್ತು ಅಲ್ಲಿಯ ಮೀನುಗಾರ ಭಕ್ತರು ಮೇರಿ ಮ್ಯಾಗ್ಡಲೀನ್ ಇಗರ್ಜಿಯನ್ನೇ ಬಿಟ್ಟುಕೊಟ್ಟರು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ಎರಡೂ ಸಂದರ್ಭಗಳಲ್ಲಿ ಬೆಲೆ ತೆರಬೇಕಾದವರನ್ನು ಮೊದಲೇ ಕೇಳಲಾಗಿತ್ತು ಅಥವಾ ತಿಳಿಸಲಾಗಿತ್ತು.

ಕೇಳದೆ ಬೆಲೆ ತೆರಿಸಿದ ನಂಬಿಕೆಗಳ ಇತಿಹಾಸವೂ ಈ ಎರಡು ನಗರಗಳ ಸುತ್ತಲೇ ಇದೆ. ಅಯಿತ್ತವೆಂದು ಇಲ್ಲಿ ಕರೆಯುವ ಅಸ್ಪೃಶ್ಯತೆ ಶತಮಾನಗಳ ಕಾಲ ನಿಂತದ್ದು ಅದನ್ನು ಪಾಲಿಸುವವರಿಗೆ ಅದರಿಂದ ಏನೂ ಖರ್ಚಿರಲಿಲ್ಲವೆಂಬ ಕಾರಣದಿಂದ. 1917ರಲ್ಲಿ ಕೊಚ್ಚಿಯ ಸಮೀಪದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಅವರು ಪುಲಯರೊಡನೆ ಸಹಪಂಕ್ತಿ ಭೋಜನ ನಡೆಸಿದಾಗ ಅವರ ಸ್ವಂತ ಸಮುದಾಯದವರೇ ಅವರನ್ನು ‘ಪುಲಯನ್ ಅಯ್ಯಪ್ಪನ್’ ಎಂದು ಹೀಯಾಳಿಸಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅದಕ್ಕೂ ಎರಡು ದಶಕ ಮೊದಲೇ ಇಂತಹ ಬಹಿಷ್ಕಾರವನ್ನು ಉಂಡಿದ್ದರು. ಅಂತೂ 1936ರ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜ ಚಿತ್ತಿರ ತಿರುನಾಳರು ದೇವಸ್ಥಾನ ಪ್ರವೇಶದ ಘೋಷಣೆ ಹೊರಡಿಸಿದರು. ಆ ಘೋಷಣೆಗೆ ಆರಿಸಿದ್ದು ಅವರ ಜನ್ಮನಕ್ಷತ್ರದ ಸಂದರ್ಭ. ನಂಬಿಕೆಯೊಂದನ್ನು ಕೈಬಿಡುವುದಕ್ಕೂ ಪಂಚಾಂಗ ನೋಡಿದ್ದು ವಿಚಿತ್ರವೆನಿಸಬಹುದು, ನಮಗೆ ಹಾಗೆನಿಸುವುದಿಲ್ಲ. ಮನುಷ್ಯರು ಒಂದು ನಂಬಿಕೆಯನ್ನು ಬಿಡುವಾಗ ಇನ್ನೊಂದನ್ನು ಹಿಡಿದುಕೊಂಡೇ ಬಿಡುತ್ತಾರೆ.

ಇಂದು ನಮ್ಮ ಕುಟುಂಬಗಳಲ್ಲಿ ಈ ಪ್ರಶ್ನೆ ತೀಕ್ಷ್ಣವಾಗಿ ಏಳುವುದು ಜಾತಕದ ವಿಷಯದಲ್ಲಿ. ಊರಿನ ಜೋಯಿಸರು 36 ಗುಣಗಳಲ್ಲಿ ಇಷ್ಟು ಬಂತೆಂದು ಸಮಾಧಾನ ಹೇಳಿದ ಜಾತಕಗಳನ್ನೇ ಇಲ್ಲಿಯ ಜ್ಯೋತಿಷಿಗಳಿಗೆ ತೋರಿಸಿದರೆ ಅವರು ಹತ್ತು ಪೊರುತ್ತಗಳ ಜೊತೆಗೆ ಪಾಪಸಾಮ್ಯ ನೋಡುತ್ತಾರೆ. ಎರಡು ಜಾತಕಗಳ ಪಾಪಗ್ರಹಗಳ ಭಾರ ಸಮವಾಗಿಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ನಮಗೆ ಪರಿಚಯವಿರುವ ಮನೆಯೊಂದರಲ್ಲಿ ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದ ಸಂಬಂಧ ಹೀಗೆ ತಪ್ಪಿತು. ಊರಿನ ಲೆಕ್ಕ ಹೊಂದಿತ್ತು, ಇಲ್ಲಿಯದು ಹೊಂದಲಿಲ್ಲ. ಎರಡು ಉತ್ತರಗಳಿರುವಾಗ ಹೆದರಿಸುವ ಉತ್ತರವೇ ಗೆದ್ದಿತು. ಆ ಹುಡುಗಿಯನ್ನು ಯಾರೂ ಕೇಳಲಿಲ್ಲ. ಕುವೆಂಪು ಅವರು ಮಂತ್ರಮಾಂಗಲ್ಯವನ್ನು ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಆ ಕ್ರಮದಲ್ಲಿಯೇ ನಡೆಸಿದ್ದನ್ನು ನಮ್ಮವರೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅದರಲ್ಲಿ ಮುಹೂರ್ತವೂ ಇಲ್ಲ, ಜಾತಕವೂ ಇಲ್ಲ. ಎಲ್ಲರೂ ಹಾಗೆಯೇ ಮಾಡಬೇಕೆಂದು ನಾವು ಹೇಳುತ್ತಿಲ್ಲ, ನಮ್ಮ ಮನೆಯ ಮದುವೆಗಳಲ್ಲಿಯೂ ಮುಹೂರ್ತ ನೋಡಿದ್ದೇವೆ. ಮುಹೂರ್ತ ಅರ್ಧ ಗಂಟೆ ಆಚೀಚೆಯಾದರೆ ಅಡಿಗೆಯವರಿಗೆ ತೊಂದರೆ, ಅಷ್ಟೆ. ಜಾತಕ ಒಪ್ಪಿದ ಮನಸ್ಸುಗಳನ್ನು ಬೇರ್ಪಡಿಸಿದರೆ ಅದರ ಬೆಲೆ ತೆರುವವರು ಜಾತಕ ನೋಡಲು ಹೋದವರಲ್ಲ. ಈ ವ್ಯತ್ಯಾಸವನ್ನು ಮನೆಯ ಹಿರಿಯರು ಜ್ಯೋತಿಷಿಯ ಮನೆಗೆ ಹೊರಡುವ ಮುನ್ನ ನೆನೆಯಬೇಕೆಂಬುದು ನಮ್ಮ ವಿನಂತಿ.

ದೊಡ್ಡಪ್ಪನವರಿಗೆ ಮರುವರ್ಷ ಇನ್ನೊಂದು ಬದಿಯಲ್ಲಿ ಅದೇ ತೊಂದರೆ ಕಾಣಿಸಿತು. ಈ ಬಾರಿ ದಿನ ಗೊತ್ತುಮಾಡಿದವರು ಅವರೇ. ವೈದ್ಯರು ಊರಿನಲ್ಲಿರುವ ಶನಿವಾರ ಯಾವುದೆಂದು ಮಾತ್ರ ಕೇಳಿ ಮಲಯಾಳದ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಅದು ಆಷಾಢವೋ ಮಿಥುನವೋ ಎಂದು ಯಾರೂ ಉಸಿರೆತ್ತಲಿಲ್ಲ. ಆ ಬೆಳಿಗ್ಗೆ ಒಂಬತ್ತಕ್ಕೇ ಬಟ್ಟೆಬರೆ ಕಟ್ಟಿ, ಕಾರು ಬಾಗಿಲಿಗೆ ಬಂದು ನಿಂತಿತ್ತು. ದೊಡ್ಡಪ್ಪನವರು ಗಡಿಯಾರ ನೋಡಿ, “ಆಸ್ಪತ್ರೆಗೆ ಬರಹೇಳಿರೋದು ಹನ್ನೊಂದೂವರೆಗೆ ತಾನೆ? ರಾಹುಕಾಲ ಕಳೀಲಿ, ಹತ್ತೂವರೆಗೆ ಹೊರಡೋಣ. ಅಷ್ಟರಲ್ಲಿ ನೀವೆಲ್ಲ ಕಾಫಿ ಕುಡಿಯಿರಿ” ಎಂದರು.